ಪಂಪು ಏಳುತ್ತಿಲ್ಲ, ದೀಪ ಮಂಕಾಗಿದೆ: ವೋಲ್ಟೇಜ್ ಮತ್ತು ಕರೆಂಟಿನ ಲೆಕ್ಕದಿಂದ ದೋಷ ಪತ್ತೆ

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗಳಲ್ಲಿ, ಮನೆ ಗುಡ್ಡದ ಬದಿಯಲ್ಲಿದ್ದರೆ ಅಡಿಕೆ ತೋಟ ಕೆಳಗಿನ ತಗ್ಗಿನಲ್ಲಿರುತ್ತದೆ. ಕೆರೆಯೋ ಬಾವಿಯೋ ತೋಟದ ತುದಿಯಲ್ಲಿರುತ್ತದೆ. ಹೀಗಾಗಿ ಮನೆಯ ಮೀಟರಿನಿಂದ ಪಂಪಿನ ಶೆಡ್ಡಿಗೆ ನೂರಾರು ಅಡಿ ತಂತಿ ಎಳೆಯುವುದು ಅನಿವಾರ್ಯ. ತೋಟಕ್ಕೆ ನೀರು ಬಿಡುವ ಬೇಸಗೆಯ ತಿಂಗಳುಗಳಲ್ಲಿ ಪಂಪು ಏಳದಿದ್ದರೆ ಹೆಚ್ಚಿನವರು ಮೊದಲು ಮೋಟಾರು ಬಿಚ್ಚಿಸುತ್ತಾರೆ, ಆಮೇಲೆ ಸ್ಟೆಬಿಲೈಸರ್ ತರುತ್ತಾರೆ, ತಂತಿಯ ಕಡೆಗೆ ನೋಡುವುದು ಕಟ್ಟಕಡೆಗೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ಈ ಬರಹದ ಉದ್ದೇಶ. ಹೊರೆ, ಅಂದರೆ ಕರೆಂಟ್ ಎಳೆಯುವ ಉಪಕರಣ, ನಡೆಯುತ್ತಿರುವಾಗ ಎರಡು ಸ್ಥಳಗಳಲ್ಲಿ ಅಳೆದ ವೋಲ್ಟೇಜ್ ಮತ್ತು ಆಗ ಹರಿಯುತ್ತಿರುವ ಕರೆಂಟ್, ಇವಿಷ್ಟು ಸಿಕ್ಕಿದರೆ ದೋಷ ಬರುವ ಲೈನಿನಲ್ಲಿದೆಯೇ, ನಮ್ಮ ತಂತಿಯಲ್ಲಿದೆಯೇ, ಉಪಕರಣದಲ್ಲಿದೆಯೇ ಎಂಬುದು ಸಾಮಾನ್ಯವಾಗಿ ನಿರ್ಧಾರವಾಗುತ್ತದೆ.

ಬೇಕಾದ ಲೆಕ್ಕ ಮತ್ತು ಉಪಕರಣ

ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿನ ಎಲ್ಲ ಲೆಕ್ಕಕ್ಕೂ ಆಧಾರ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಓಮ್‌ಗಳಲ್ಲಿ ಸಿಗುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಇವೆರಡನ್ನು ಸೇರಿಸಿದರೆ ಇನ್ನೆರಡು ಸೂತ್ರಗಳು ಬರುತ್ತವೆ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೂ ವ್ಯಾಟ್, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೂ ವ್ಯಾಟ್. ಹೀಟರ್, ಇಸ್ತ್ರಿಪೆಟ್ಟಿಗೆಗಳಂತಹ ಶುದ್ಧ ರೋಧದ ಉಪಕರಣಗಳಿಗೆ ಈ ಸೂತ್ರಗಳು ನೇರವಾಗಿ ಹೊಂದುತ್ತವೆ. ಮೋಟಾರಿಗೆ ಹಾಗೆಯೇ ಹೊಂದುವುದಿಲ್ಲ. ಅದರ ವಿವರ ಮುಂದೆ ಬರುತ್ತದೆ.

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು, ತಂತಿಯನ್ನು ಕಡಿಯದೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕ್ಲಾಂಪನ್ನು ಒಂದೇ ತಂತಿಯ ಸುತ್ತ ಹಾಕಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಅಳಿಸಿ ಸೊನ್ನೆ ತೋರಿಸುತ್ತದೆ. ಮಲ್ಟಿಮೀಟರಿನ ಪ್ರೋಬನ್ನು ಆಂಪಿಯರ್ ತೂತಿನಲ್ಲಿ ಸಿಕ್ಕಿಸಿ ಪ್ಲಗ್ ಪಾಯಿಂಟಿಗೆ ಚುಚ್ಚುವುದು ಶಾರ್ಟ್ ಸರ್ಕ್ಯೂಟ್ ಮಾಡಿದಂತೆಯೇ ಸರಿ, ಮೀಟರ್ ಕೈಯಲ್ಲೇ ಸಿಡಿಯಬಹುದು. ಓಮ್ ಅಳತೆಯನ್ನು ಕರೆಂಟ್ ಸಂಪೂರ್ಣ ತೆಗೆದ ಮೇಲೆ ಮಾತ್ರ ಮಾಡಬೇಕು. ಒದ್ದೆ ಕೈ, ಬರಿಗಾಲು, ಮಳೆಗೆ ತೋಯ್ದ ಶೆಡ್ಡು, ಇವುಗಳಲ್ಲಿ ಒಂದಿದ್ದರೂ ಅಂದು ಅಳತೆ ಬೇಡ. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚುವ ಯಾವ ಕೆಲಸವೂ ಲೈಸೆನ್ಸ್ ಇರುವ ವೈರ್‌ಮನ್‌ನದ್ದು. ಮುಂದೆ ಹೇಳುವ ಅಳತೆಗಳಲ್ಲಿ ಹೆಚ್ಚಿನವು ಪ್ಲಗ್ ಪಾಯಿಂಟಿನಲ್ಲಿ ಮತ್ತು ಮೀಟರಿನ ಮುಂಭಾಗ ನೋಡಿ ಮಾಡುವಂಥವು.

ಹೀಟರ್ ನೀರು ಕಾಯಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆ

ನೀರಿನಲ್ಲಿ ಮುಳುಗಿಸುವ 1500 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 6.5 ಆಂಪಿಯರ್ ತೆಗೆದುಕೊಳ್ಳುತ್ತದೆ. ಅದರ ರೋಧ 230ರ ವರ್ಗವನ್ನು 1500ರಿಂದ ಭಾಗಿಸಿದಾಗ ಬರುವ 35.3 ಓಮ್. ಸಂಜೆ ಎಲ್ಲ ಮನೆಗಳಲ್ಲೂ ದೀಪ ಉರಿಯುವ ಹೊತ್ತಿಗೆ ವೋಲ್ಟೇಜ್ 190ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ರೋಧ ಬಹುಮಟ್ಟಿಗೆ ಬದಲಾಗುವುದಿಲ್ಲ, ಆದರೆ ವ್ಯಾಟ್ 190ರ ವರ್ಗವನ್ನು 35.3ರಿಂದ ಭಾಗಿಸಿದಷ್ಟು, ಅಂದರೆ 1023 ಮಾತ್ರ. ವೋಲ್ಟೇಜ್ ಶೇಕಡಾ 17ರಷ್ಟು ತಗ್ಗಿದರೆ ಬಿಸಿ ಶೇಕಡಾ 32ರಷ್ಟು ತಗ್ಗುತ್ತದೆ. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 21 ನಿಮಿಷ ಸಾಕಾಗುತ್ತಿದ್ದಲ್ಲಿ 31 ನಿಮಿಷ ಬೇಕಾಗುತ್ತದೆ.

ಮೊದಲು ಹೀಟರ್ ನಡೆಯುತ್ತಿರುವಾಗಲೇ ಅದೇ ಕೋಣೆಯ ಇನ್ನೊಂದು ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ನೋಡಬೇಕು. ಮನೆಗೆ 230 ವೋಲ್ಟ್ ಬರಬೇಕೆಂಬುದು ಲೆಕ್ಕ. ಅದರಿಂದ ಶೇಕಡಾ 6ರಷ್ಟು ಆಚೀಚೆ, ಅಂದರೆ 216ರಿಂದ 244ರ ನಡುವೆ ಇದ್ದರೆ ಅದನ್ನು ದೋಷವೆನ್ನುವಂತಿಲ್ಲ. ವೋಲ್ಟೇಜ್ ಸರಿಯಿದ್ದು ಕರೆಂಟೂ 6.5ರ ಆಸುಪಾಸಿನಲ್ಲಿದ್ದರೆ ವಿದ್ಯುತ್ತಿನ ಕಡೆಯಿಂದ ತಪ್ಪಿಲ್ಲ. ಕಾಯಿಲಿನ ಮೇಲೆ ಕಟ್ಟಿಕೊಂಡ ಬೋರ್‌ವೆಲ್ ನೀರಿನ ಕಿಟ್ಟದಿಂದಲೋ ಬೇರೆ ಕಾರಣದಿಂದಲೋ ಥರ್ಮೋಸ್ಟಾಟ್ ಬೇಗ ಕಡಿದುಕೊಳ್ಳುತ್ತಿರಬಹುದು. ವೋಲ್ಟೇಜ್ ಇದ್ದು ಕರೆಂಟ್ ಸೊನ್ನೆಯಾಗಿದ್ದರೆ ಕಾಯಿಲ್ ಕಡಿದಿದೆ ಅಥವಾ ಥರ್ಮೋಸ್ಟಾಟ್ ತೆರೆದುಕೊಂಡಿದೆ. ಪ್ಲಗ್ ಕಳಚಿ, ದಪ್ಪಗಿರುವ ಅರ್ತ್ ಪಿನ್ ಬಿಟ್ಟು ಉಳಿದ ಎರಡು ಪಿನ್ನುಗಳ ನಡುವೆ ಓಮ್ ಅಳೆದರೆ 35ರ ಹತ್ತಿರ ಬರಬೇಕು. ಈ ಎರಡರಲ್ಲಿ ಯಾವ ಪಿನ್ನಿಗೂ ಹೀಟರಿನ ಲೋಹದ ಮೈಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ಅರ್ತ್ ಪಿನ್ ಒಂದಕ್ಕೆ ಮಾತ್ರ ಸೊನ್ನೆಯ ಹತ್ತಿರ ತೋರಿಸಬೇಕು. ಹೀಗಿಲ್ಲದ ಹೀಟರನ್ನು ಮತ್ತೆ ನೀರಿಗೆ ಇಳಿಸಬಾರದು.

ಒಂದು ಎಚ್ಚರಿಕೆ: ದೀಪ ನೋಡಿ ವೋಲ್ಟೇಜ್ ಅಂದಾಜಿಸುವ ಹಳೆಯ ರೂಢಿ ಎಲ್‌ಇಡಿ ಬಲ್ಬುಗಳ ಕಾಲದಲ್ಲಿ ನಂಬಲರ್ಹವಲ್ಲ. ಒಳಗಿನ ಡ್ರೈವರ್ ವೋಲ್ಟೇಜ್ ಏರಿಳಿದರೂ ಬೆಳಕನ್ನು ಸಮನಾಗಿ ಇಡಲು ಯತ್ನಿಸುವುದರಿಂದ ಅನೇಕ ಎಲ್‌ಇಡಿಗಳು 180 ವೋಲ್ಟಿನಲ್ಲೂ ಮಂಕಾಗುವುದಿಲ್ಲ. ಅವು ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಎಲ್ಲೋ ಕೂಡುಗಂಟು ಸಡಿಲವಾಗಿದೆ ಎಂದು ತಿಳಿಯಬೇಕು.

ಪ್ಲಗ್ ಬಿಸಿಯಾಗುತ್ತದೆ, ಸಾಕೆಟ್ ಕಂದಿದೆ

ಇದು ಚಿಕ್ಕ ಲಕ್ಷಣದಂತೆ ಕಂಡರೂ ಬೆಂಕಿಗೆ ದಾರಿ ಮಾಡುವಂಥದ್ದು. ಸಡಿಲ ಸಾಕೆಟ್ಟಿನಲ್ಲಿ ಅರ್ಧ ಓಮ್ ರೋಧ ಹುಟ್ಟಿತೆಂದರೆ 6.5 ಆಂಪಿಯರ್ ಹರಿಯುವಾಗ ಅಲ್ಲಿ ಕಳೆದುಹೋಗುವುದು 3.25 ವೋಲ್ಟ್ ಮಾತ್ರ. ಮಲ್ಟಿಮೀಟರ್ ಹಿಡಿದವರು ಇಷ್ಟನ್ನು ಗಮನಿಸುವುದೇ ಇಲ್ಲ. ಆದರೆ ಆ ಕಿರಿದಾದ ಹಿತ್ತಾಳೆಯ ಹಲ್ಲಿನಲ್ಲಿ 21 ವ್ಯಾಟ್ ಬಿಸಿ ಸತತವಾಗಿ ಹುಟ್ಟುತ್ತಿರುತ್ತದೆ. ಬಿಸಿಯಿಂದ ಲೋಹ ಕಿಲುಬು ಹಿಡಿಯುತ್ತದೆ, ಕಿಲುಬಿನಿಂದ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ಕುಂಬಳೆ, ಮಂಜೇಶ್ವರದಂತಹ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಈ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತದೆ.

ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಇದನ್ನು ತಡೆಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕೆಟ್ಟ ಕೂಡುಗಂಟಿನಲ್ಲಿ ಕರೆಂಟ್ ಹೆಚ್ಚುವುದಿಲ್ಲ, ತುಸು ತಗ್ಗುತ್ತದೆ. ಎಂಸಿಬಿ ನೋಡುವುದು ಕರೆಂಟನ್ನು ಮಾತ್ರ. ಆದುದರಿಂದ ಇಲ್ಲಿ ಕಣ್ಣು, ಮೂಗುಗಳೇ ಪರೀಕ್ಷಕರು. ಸ್ವಿಚ್ ಆರಿಸಿ, ಪ್ಲಗ್ ಕಳಚಿ, ಪಿನ್ನುಗಳ ಬಣ್ಣ ನೋಡಬೇಕು. ಕಪ್ಪಾದ ಪಿನ್, ಕಂದಿದ ಪ್ಲಾಸ್ಟಿಕ್, ಸುಟ್ಟ ವಾಸನೆ ಅಥವಾ ಕಾರಣವಿಲ್ಲದೆ ಬರುವ ಮೀನಿನಂಥ ವಾಸನೆ ಇದ್ದರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು; ಒಂದನ್ನೇ ಬದಲಿಸಿದರೆ ಹಳೆಯದು ಹೊಸತನ್ನೂ ಕೆಡಿಸುತ್ತದೆ. ಹೀಟರನ್ನು 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಅಡಾಪ್ಟರ್ ಮೂಲಕ ಸಿಕ್ಕಿಸುವುದು ಮೇಲಿನ ಲೆಕ್ಕದ ಪ್ರಕಾರವೇ ತಪ್ಪು.

ಪಂಪು ಹೂಂಕರಿಸುತ್ತದೆ, ತಿರುಗುವುದಿಲ್ಲ; ಅಥವಾ ತಿರುಗಿದರೂ ನೀರು ಸಾಲದು

ಮೊದಲ ಕೆಲಸ ಸ್ವಿಚ್ ಆರಿಸುವುದು. ಮೋಟಾರು ಏಳುವ ಕ್ಷಣದಲ್ಲಿ ಅದರ ಫಲಕದ ಮೇಲೆ ಬರೆದ ಕರೆಂಟಿನ ನಾಲ್ಕೈದು ಪಟ್ಟು ಎಳೆಯುತ್ತದೆ. ತಿರುಗಿದ ಕೂಡಲೇ ಅದು ಇಳಿಯಬೇಕು, ತಿರುಗದಿದ್ದರೆ ಇಳಿಯುವುದಿಲ್ಲ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಹುಟ್ಟುವುದರಿಂದ ನಾಲ್ಕು ಪಟ್ಟು ಕರೆಂಟ್ ಎಂದರೆ ವೈಂಡಿಂಗಿನಲ್ಲಿ ಹದಿನಾರು ಪಟ್ಟು ಬಿಸಿ. ಮತ್ತೆ ಮತ್ತೆ ಒತ್ತಿ ನೋಡುವುದರಿಂದಲೇ ಹಲವು ಮೋಟಾರುಗಳು ಸುಡುತ್ತವೆ.

ಖರ್ಚಿಲ್ಲದ ತಪಾಸಣೆಗಳು ಮೊದಲು ನಡೆಯಲಿ. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಳಚಿ, ಮೇಲಿನಿಂದ ಕೈಗೆ ಸಿಗುವ ಪಂಪಾದರೆ ಅದರ ಶಾಫ್ಟನ್ನು ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕೆಸರೋ ತುಕ್ಕೋ ಕಾರಣ, ವಿದ್ಯುತ್ತಿನ ಲೆಕ್ಕ ಬೇಕಿಲ್ಲ. ಪಂಪು ಸರಾಗವಾಗಿ ತಿರುಗುತ್ತಿದ್ದು ನೀರು ಬಾರದಿದ್ದರೆ ಕರೆಂಟ್ ನೋಡಬೇಕು. ಫಲಕದಲ್ಲಿ 10 ಆಂಪಿಯರ್ ಎಂದಿರುವಲ್ಲಿ ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಪಂಪಿಗೆ ನೀರಿನ ಹೊರೆ ಸಿಗುತ್ತಿಲ್ಲ: ಫುಟ್‌ವಾಲ್ವ್ ಸೋರಿದೆ, ಗಾಳಿ ಸೇರಿದೆ ಅಥವಾ ಬಾವಿಯ ನೀರು ಇಳಿದಿದೆ.

ಇವೆಲ್ಲ ಸರಿಯಿದ್ದರೆ ತಂತಿಯ ಸರದಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತೋಟದ ಪಂಪುಗಳ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಹೊರೆಯಿಲ್ಲದಾಗ ಶೆಡ್ಡಿನಲ್ಲಿ 225 ವೋಲ್ಟ್ ಕಂಡಿತೆಂದು ತಂತಿಗೆ ನಿರ್ದೋಷಿ ಎಂಬ ಪ್ರಮಾಣಪತ್ರ ಕೊಡಬಾರದು. ಕರೆಂಟ್ ಹರಿಯದಿದ್ದಾಗ ಎಷ್ಟೇ ಕೆಟ್ಟ ಗಂಟಿನಲ್ಲೂ ವೋಲ್ಟೇಜ್ ಕಳೆಯುವುದಿಲ್ಲ; ಸೊನ್ನೆಯನ್ನು ಯಾವ ರೋಧದಿಂದ ಗುಣಿಸಿದರೂ ಸೊನ್ನೆಯೇ.

ತಂತಿಗೆ ಇರಬೇಕಾದ ರೋಧವನ್ನು ಮೊದಲು ಲೆಕ್ಕ ಹಾಕಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರೊಂದಕ್ಕೆ 0.0172 ಓಮ್; ಅಲ್ಯೂಮಿನಿಯಂ ಆದರೆ ಸುಮಾರು 0.028. ಉದ್ದದಿಂದ ಗುಣಿಸಿ ದಪ್ಪದಿಂದ ಭಾಗಿಸಿದರಾಯಿತು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಎಣಿಸಬೇಕೆಂಬುದು ಮರೆಯುವಂಥ ಸಂಗತಿ. ಶೆಡ್ಡು 120 ಮೀಟರ್ ದೂರವಿದ್ದು 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದರೆ ಒಟ್ಟು ಉದ್ದ 240 ಮೀಟರ್, ರೋಧ 1.65 ಓಮ್. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ 0.69 ಓಮ್ ಮಾತ್ರ.

ಈಗ ನಿಜವಾದ ರೋಧವನ್ನು ಅಳೆಯಬೇಕು. ಮೋಟಾರನ್ನೇ ಹೊರೆಯಾಗಿ ಇಟ್ಟುಕೊಂಡರೆ ಅದರಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಎರಡು ವೋಲ್ಟೇಜುಗಳ ವ್ಯತ್ಯಾಸ ತಂತಿಯ ರೋಧವನ್ನು ಕಡಿಮೆಯಾಗಿ ತೋರಿಸುತ್ತದೆ. ಆದುದರಿಂದ ಮನೆಯ ಹೀಟರನ್ನೇ ಶೆಡ್ಡಿಗೆ ಒಯ್ದು, ಪ್ಲಾಸ್ಟಿಕ್ ಬಕೆಟಿನ ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿ, ಪಂಪಿನ ಬದಲಿಗೆ ಅದನ್ನು ನಡೆಸಿ. ಸ್ವಿಚ್ ಆರಿಸದೆ ಬಕೆಟನ್ನಾಗಲಿ ನೀರನ್ನಾಗಲಿ ಮುಟ್ಟಬಾರದು. ಒಬ್ಬರು ಮನೆಯ ಮೀಟರ್ ಬಳಿಯ ಪಾಯಿಂಟಿನಲ್ಲಿ, ಇನ್ನೊಬ್ಬರು ಶೆಡ್ಡಿನ ಪಾಯಿಂಟಿನಲ್ಲಿ ಒಂದೇ ಹೊತ್ತಿಗೆ ವೋಲ್ಟೇಜ್ ಓದಿ ಫೋನಿನಲ್ಲಿ ಹೇಳಿಕೊಳ್ಳಲಿ. ಲೈನಿನ ವೋಲ್ಟೇಜ್ ನಿಮಿಷ ನಿಮಿಷಕ್ಕೂ ತೂಗುವುದರಿಂದ ಬೇರೆ ಬೇರೆ ಹೊತ್ತಿನ ಓದುಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಮನೆಯಲ್ಲಿ 226, ಶೆಡ್ಡಿನಲ್ಲಿ 209 ಎಂದು ಬಂದರೆ ಹೀಟರಿನ ಮೂಲಕ ಹರಿಯುವುದು 209ನ್ನು 35.3ರಿಂದ ಭಾಗಿಸಿದಷ್ಟು, 5.92 ಆಂಪಿಯರ್. ದಾರಿಯಲ್ಲಿ ಕಳೆದದ್ದು 17 ವೋಲ್ಟ್. ಅದನ್ನು 5.92ರಿಂದ ಭಾಗಿಸಿದರೆ 2.87 ಓಮ್. ತಂತಿಗೆ ಇರಬೇಕಾದದ್ದು 1.65. ಉಳಿದ 1.22 ಓಮ್ ತಂತಿಯದ್ದಲ್ಲ, ಎಲ್ಲೋ ಒಂದೆರಡು ಗಂಟುಗಳದ್ದು. ಪಂಪು 11 ಆಂಪಿಯರ್ ಎಳೆಯುವಾಗ ಆ ಗಂಟುಗಳಲ್ಲಿ ಹುಟ್ಟುವ ಬಿಸಿ 11ರ ವರ್ಗವನ್ನು 1.22ರಿಂದ ಗುಣಿಸಿದಷ್ಟು, ಸುಮಾರು 148 ವ್ಯಾಟ್. ಸೀಸ ಕರಗಿಸುವ 25 ವ್ಯಾಟಿನ ಬೆಸುಗೆ ಕಡ್ಡಿ ಐದಾರನ್ನು ಒಂದು ಕಟ್ಟಿನಲ್ಲಿ ಸುತ್ತಿ ಟೇಪು ಹಚ್ಚಿಟ್ಟಂತೆ ಅದು. ಅದರ ಮೇಲೆ ಒಣಗಿದ ಅಡಿಕೆ ಸೋಗೆ ಬಿದ್ದಿದ್ದರೆ ಏನಾಗಬಹುದೆಂದು ಯೋಚಿಸಬೇಕು.

ಅಳೆದ ರೋಧ ಲೆಕ್ಕದ ರೋಧಕ್ಕೆ ಹತ್ತಿರವಿದ್ದೂ ಪಂಪು ಏಳುವಾಗ ಶೆಡ್ಡಿನಲ್ಲಿ ಮಾತ್ರ ವೋಲ್ಟೇಜ್ ತೀರ ಕುಸಿದರೆ ತಂತಿಯೇ ತೆಳ್ಳಗಾಯಿತು. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಏಳುವ ಕ್ಷಣದಲ್ಲಿ ಅದರ ಬಳಿ 160 ವೋಲ್ಟ್ ಮಾತ್ರ ಉಳಿದರೆ ಬಲ ಅರ್ಧಕ್ಕಿಂತಲೂ ಕಡಿಮೆ. ದಪ್ಪ ತಂತಿ ಎಳೆಸುವುದೊಂದೇ ದಾರಿ. ಅಳೆದ ರೋಧ ಹೆಚ್ಚಿದ್ದರೆ ಗಂಟು ಹುಡುಕಬೇಕು: ಮೇನ್ ಆರಿಸಿ ತಂತಿಯುದ್ದಕ್ಕೂ ನಡೆದು, ಟೇಪು ಕರಗಿದ ಜಾಗ, ತಾಮ್ರ ಹಸಿರುಗಟ್ಟಿದ ಜಾಗ, ತಾಮ್ರಕ್ಕೆ ಅಲ್ಯೂಮಿನಿಯಂ ಸುತ್ತಿದ ಜಾಗಗಳನ್ನು ಗುರುತಿಸಬೇಕು. ಕೊನೆಯದು ಬಹಳ ಕಡೆ ಕಾಣಸಿಗುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪೊರೆ ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಅಲ್ಲಿಗೆ ಎರಡು ಲೋಹಗಳನ್ನು ಕೂಡಿಸಲೆಂದೇ ಮಾಡಿದ ಬೈಮೆಟಲ್ ಲಗ್ ಬೇಕು.

ಮನೆಯ ಮೀಟರ್ ಬಳಿಯೇ ವೋಲ್ಟೇಜ್ ಪಂಪು ಹಾಕಿದ ಕೂಡಲೇ 226ರಿಂದ 200ಕ್ಕೆ ಕುಸಿದರೆ ದೋಷ ನಮ್ಮ ತಂತಿಯಲ್ಲಿಲ್ಲ, ಕಂಬದಿಂದ ಮೀಟರಿನವರೆಗಿನ ಸರ್ವಿಸ್ ಲೈನಿನಲ್ಲಿ ಅಥವಾ ಅದಕ್ಕೂ ಹಿಂದೆ ಇದೆ. ನೆರೆಮನೆಯಲ್ಲೂ ಹಾಗೆಯೇ ಆಗುತ್ತದೆಯೇ ಎಂದು ಕೇಳಿ, ಹೊತ್ತು ಮತ್ತು ಓದುಗಳನ್ನು ಬರೆದಿಟ್ಟು ವಿದ್ಯುತ್ ಕಚೇರಿಗೆ ಕೊಡಬೇಕು. ಮಲಯಾಳ ಸರಾಗವಾಗಿ ಬಾರದ ನಮ್ಮ ಕಡೆಯ ಹಿರಿಯರು ದೂರು ಹೇಳಲು ಹಿಂಜರಿಯುವುದುಂಟು. ಸಂಖ್ಯೆಗಳ ಪಟ್ಟಿ ಕೈಯಲ್ಲಿದ್ದರೆ ಆ ತೊಡಕು ಅರ್ಧದಷ್ಟು ಕಡಿಮೆಯಾಗುತ್ತದೆ.

ಶೆಡ್ಡಿನಲ್ಲಿ ವೋಲ್ಟೇಜ್ ಸಾಕಷ್ಟಿದ್ದು ಮೋಟಾರು ಹೂಂಕರಿಸುತ್ತಲೇ ಇದ್ದರೆ ಸ್ಟಾರ್ಟಿಂಗ್ ಕೆಪಾಸಿಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದು ಅಗ್ಗದ ಬಿಡಿಭಾಗ, ಆದರೆ ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಮೆಕ್ಯಾನಿಕ್ ಬಂದೇ ಬದಲಿಸಲಿ.

ಸ್ಟೆಬಿಲೈಸರ್ ಹಾಕಿದ ಮೇಲೆ ಎಂಸಿಬಿ ಬೀಳುತ್ತಿದೆ

ಸ್ಟೆಬಿಲೈಸರ್ ಶಕ್ತಿಯನ್ನು ಸೃಷ್ಟಿಸುವುದಿಲ್ಲ. 180 ವೋಲ್ಟನ್ನು 230ಕ್ಕೆ ಏರಿಸಿ 10 ಆಂಪಿಯರ್ ಕೊಡಬೇಕಾದರೆ ಅದು ತಂತಿಯಿಂದ ಕನಿಷ್ಠ 12.8 ಆಂಪಿಯರ್ ಎಳೆಯಬೇಕು. ಕೆಟ್ಟ ಗಂಟಿರುವ ತಂತಿಯ ತುದಿಗೆ ಸ್ಟೆಬಿಲೈಸರ್ ಜೋಡಿಸಿದರೆ ಗಂಟಿನಲ್ಲಿ ಬಿಸಿ ಇನ್ನೂ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆದುದರಿಂದ ಮೇಲಿನ ಹೀಟರ್ ಪರೀಕ್ಷೆ ಮಾಡದೆ ಸ್ಟೆಬಿಲೈಸರ್ ಕೊಳ್ಳಬಾರದು.

ಸ್ಟೆಬಿಲೈಸರ್ ಇಲ್ಲದೆಯೂ ಎಂಸಿಬಿ ಬೀಳುತ್ತಿದ್ದರೆ ಬೀಳುವ ಹೊತ್ತನ್ನು ಗಮನಿಸಿ. ಕೆಲವು ನಿಮಿಷಗಳ ನಂತರ ಬಿದ್ದರೆ ಹೊರೆ ಹೆಚ್ಚು. ಉಪಕರಣಗಳ ವ್ಯಾಟ್ ಕೂಡಿಸಿ 230ರಿಂದ ಭಾಗಿಸಿ ಎಂಸಿಬಿಯ ಅಂಕಿಯೊಡನೆ ಹೋಲಿಸಿ. ಎತ್ತಿದ ಕ್ಷಣಕ್ಕೇ ಬಿದ್ದರೆ ಶಾರ್ಟ್. ಇನ್ನೊಮ್ಮೆ ಎತ್ತದೆ ವೈರ್‌ಮನ್ ಕರೆಸಿ. ದೊಡ್ಡ ಅಂಕಿಯ ಎಂಸಿಬಿ ಹಾಕಿಸಿ ಸಮಸ್ಯೆ ಮುಗಿಸುವುದು ತಂತಿಯನ್ನೇ ಫ್ಯೂಸ್ ಮಾಡಿದಂತೆ.

ಬಿಲ್ಲು ಏರಿದೆ

ಮೀಟರಿನ ಮೇಲೆ ಮಿನುಗುವ ಕೆಂಪು ದೀಪದ ಬಳಿ ಯೂನಿಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ, 3200 ಸಾಮಾನ್ಯ. ಪಂಪೊಂದನ್ನೇ ನಡೆಸಿ ಒಂದು ನಿಮಿಷ ಎಣಿಸಿ. 113 ಮಿನುಗು ಬಂದರೆ 113ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದಾಗ 2.12 ಕಿಲೋವ್ಯಾಟ್. ಮೋಟಾರಿನಲ್ಲಿ ಕರೆಂಟ್ ಹಿಂದೆ ಬೀಳುವುದರಿಂದ ವ್ಯಾಟಿನಲ್ಲಾಗುವ ಕಡಿತವನ್ನು, ಅಂದರೆ ಪವರ್ ಫ್ಯಾಕ್ಟರನ್ನು, ಮೀಟರೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಇದು ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದ್ದಕ್ಕಿಂತ ಸರಿಯಾದ ಲೆಕ್ಕ. ಮೇಲಿನ ತಂತಿಯಲ್ಲಿ 11 ಆಂಪಿಯರಿಗೆ ಕಳೆಯುವುದು 11ರ ವರ್ಗ ಗುಣಿಸು 2.87, ಅಂದರೆ 347 ವ್ಯಾಟ್. ಪಂಪಿನ ಹೆಸರಿನಲ್ಲಿ ತೆರುವ ಪ್ರತಿ ನೂರು ಯೂನಿಟಿನಲ್ಲಿ 16ರಷ್ಟು ದಾರಿಯನ್ನೇ ಬಿಸಿ ಮಾಡಿವೆ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನೂ ಕಳಚಿದ ಮೇಲೂ ದೀಪ ಬೇಗ ಬೇಗ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ; ಕೆಳಗಿನ ಕೊನೆಯ ಭಾಗವನ್ನು ಓದಿ.

ಒಂದು ಕೋಣೆಯ ದೀಪ ಕಣ್ಣು ಕುಕ್ಕುತ್ತದೆ, ಇನ್ನೊಂದರದ್ದು ಆರುವಂತಿದೆ

ಅಳತೆ ಮಾಡುತ್ತ ನಿಲ್ಲಬೇಡಿ, ಕೂಡಲೇ ಮೇನ್ ಆರಿಸಿ. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಕಡಿದ ಲಕ್ಷಣವಿದು. ಆಗ ಎರಡು ಫೇಸುಗಳ ಉಪಕರಣಗಳು 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಒಂದರಲ್ಲಿ 35 ಓಮಿನ ಹೀಟರ್, ಇನ್ನೊಂದರಲ್ಲಿ 529 ಓಮಿನಷ್ಟಾಗುವ 100 ವ್ಯಾಟಿನ ಬಲ್ಬು ಇದ್ದರೆ ಹರಿಯುವುದು 0.71 ಆಂಪಿಯರ್, ಹೀಟರಿಗೆ 25 ವೋಲ್ಟ್, ಬಲ್ಬಿಗೆ 375 ವೋಲ್ಟ್. ಆ ಫೇಸಿನಲ್ಲಿ ಟಿವಿಯೋ ಫ್ರಿಜ್ಜೋ ಇದ್ದರೆ ಸುಡುತ್ತದೆ. ಗಾಳಿಮಳೆಯ ಮರುದಿನ ಇದು ಹೆಚ್ಚಾಗಿ ಕಾಣಿಸುತ್ತದೆ. ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಿ, ಸರಿಪಡಿಸುವವರೆಗೆ ಮೇನ್ ಹಾಕಬೇಡಿ.

ಪಂಪಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ

ಇಲ್ಲಿಯೂ ಮೊದಲು ಮೇನ್ ಆರಿಸಬೇಕು; ಟೆಸ್ಟರ್ ಹಿಡಿದು ಪಂಪಿನ ಬಳಿಗೆ ಹೋಗಬಾರದು. ಒದ್ದೆ ಮೈಯ ಮನುಷ್ಯನ ರೋಧ ಸುಮಾರು 1000 ಓಮ್ ಎಂದುಕೊಂಡರೂ 230 ವೋಲ್ಟಿಗೆ 0.23 ಆಂಪಿಯರ್ ಹರಿಯುತ್ತದೆ. ಜೀವ ಹೋಗಲು ಇದರ ಕಾಲುಭಾಗವೂ ಸಾಕು.

ಅರ್ತ್ ಇದೆಯಲ್ಲ ಎಂಬ ಧೈರ್ಯವನ್ನು ನಮ್ಮ ಮುರಕಲ್ಲಿನ ನೆಲ ಸುಳ್ಳಾಗಿಸುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡುವ ಅರ್ತ್ ಗುಂಡಿ, ಪಂಪು ಹೆಚ್ಚು ನಡೆಯುವ ಏಪ್ರಿಲಿನಲ್ಲಿ ಒಣಗಿ 50 ಓಮ್ ತೋರಿಸಬಹುದು. ಆಗ ಫೇಸ್ ತಂತಿ ಪಂಪಿನ ಮೈಗೆ ತಾಗಿದರೂ ನೆಲಕ್ಕೆ ಹರಿಯುವುದು 230ನ್ನು 50ರಿಂದ ಭಾಗಿಸಿದ 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅದನ್ನು ಗುರುತಿಸುವುದೇ ಇಲ್ಲ. ಪಂಪಿನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ, ಮೀಟರಿನಲ್ಲಿ ಸಾವಿರಕ್ಕೂ ಹೆಚ್ಚು ವ್ಯಾಟ್ ಓಡುತ್ತಿರುತ್ತದೆ. ನೆಲಕ್ಕೆ ಸೋರುವ ಕರೆಂಟನ್ನು ಗುರುತಿಸಿ ಕಡಿಯುವ ಸ್ವಿಚ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇದ್ದರೆ ಇಂತಹ ಸೋರಿಕೆಗೆ ಕ್ಷಣದಲ್ಲಿ ಕಡಿಯುತ್ತದೆ. ಆದುದರಿಂದ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ತಂತಿ ಜೋಡಿಸುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು. 30 ಮಿಲಿಆಂಪಿಯರ್ ಸೋರುತ್ತಿದೆ ಎಂದರೆ ಇನ್ಸುಲೇಶನ್ನಿನ ರೋಧ 7,700 ಓಮಿನಷ್ಟು ಕೆಳಗೆ ಬಂದಿದೆ ಎಂದು ಅರ್ಥ.

ಮಲ್ಟಿಮೀಟರಿನ ಚಿಕ್ಕ ಬ್ಯಾಟರಿಯಿಂದ ಮೋಟಾರಿನ ಇನ್ಸುಲೇಶನ್ನನ್ನು ನಂಬುವ ಹಾಗೆ ಅಳೆಯಲಾಗದು. ವೈರ್‌ಮನ್ ಇನ್ಸುಲೇಶನ್ ಅಳೆಯುವ ಮೀಟರ್, ಅಂದರೆ 500 ವೋಲ್ಟಿನ ಮೆಗ್ಗರ್ ತಂದು ವೈಂಡಿಂಗಿಗೂ ಮೈಗೂ ನಡುವೆ ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಮೋಟಾರು ಬಿಚ್ಚಿ ಒಣಗಿಸಲು ಅಥವಾ ರಿವೈಂಡ್ ಮಾಡಿಸಲು ಕಳುಹಿಸಬೇಕು. ಅರ್ತ್ ಗುಂಡಿಯ ರೋಧವನ್ನೂ ಅದೇ ದಿನ ಅರ್ತ್ ಟೆಸ್ಟರಿನಿಂದ ಅಳೆಸಿ. ಅಳೆಸುವುದು ಜುಲೈಯಲ್ಲಲ್ಲ, ನೆಲ ಪೂರ್ತಿ ಒಣಗಿರುವ ಏಪ್ರಿಲಿನಲ್ಲಿ. ಬಂದ ಅಂಕಿಯನ್ನು ಶೆಡ್ಡಿನ ಗೋಡೆಯ ಮೇಲೆ ತಾರೀಖಿನೊಡನೆ ಬರೆದಿಡಿ, ಮರುವರ್ಷ ಅದರೊಡನೆ ಹೋಲಿಸಿ ನೋಡಬಹುದು.